ಮಾತು ಕೇಳದ ಮೊಮ್ಮಗ, ಹನ್ನೆರಡು ಶನಿವಾರ: ಮೈಸೂರಿನ ಒಂದು ವಾಕ್ ಚಿಕಿತ್ಸಾ ಕೇಂದ್ರದ ವಿಮರ್ಶೆ

ಎಲ್‌ಕೆಜಿ ಸೇರಿದ ಮೊದಲ ತಿಂಗಳಲ್ಲೇ ನಮ್ಮ ಮೊಮ್ಮಗನ ಶಾಲೆಯ ಡೈರಿಯಲ್ಲಿ ಒಂದೇ ದೂರು ಮೂರು ಸಲ ಬಂದಿತ್ತು: ಹುಡುಗ ಹೇಳಿದ ಮಾತು ಕೇಳುವುದಿಲ್ಲ. ಟಿಫನ್ ಡಬ್ಬಿಯನ್ನು ಬೆಂಚಿನ ಕೆಳಗಿಡು ಎಂದರೆ ಬೆಂಚಿನ ಮೇಲಿಡುತ್ತಾನೆ, ಗೆಳೆಯನ ಹಿಂದೆ ನಿಲ್ಲು ಎಂದರೆ ಸಾಲು ಬಿಟ್ಟು ಪಕ್ಕಕ್ಕೆ ಬಂದು ನಿಲ್ಲುತ್ತಾನೆ, ಇನ್ನೊಮ್ಮೆ ಹೇಳಿದರೆ ಮುಖ ನೋಡಿ ನಗುತ್ತಾನೆ. ಕನ್ನಡದಲ್ಲಿ ಮಾತು ಕೇಳದಿರುವುದು ಕಿವಿಯ ದೋಷವಲ್ಲ, ನಡತೆಯ ದೋಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನಾನು ಇದೇ ದೂರನ್ನು ಎಷ್ಟು ಮಕ್ಕಳ ಪೋಷಕರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಮೊಮ್ಮಗನ ಸರದಿ ಬಂದಾಗಲೂ ಮೊದಲಿಗೆ ನನಗೆ ತೋಚಿದ್ದು, ನಾವು ಮುದ್ದು ಹೆಚ್ಚು ಮಾಡಿದೆವು ಎಂಬುದಷ್ಟೇ.

ಅನುಮಾನ ಮೊದಲು ಬಂದದ್ದು ನನ್ನ ಹೆಂಡತಿಗೆ. ಒಂದು ಬೆಳಿಗ್ಗೆ ಅವಳು ರಂಗೋಲಿಗೆಂದು ಹೊಸಿಲ ಬಳಿ ಕೂತಿದ್ದಾಗ, "ಪುಟ್ಟ, ಅಡುಗೆಮನೆ ಬಾಗಿಲ ಹಿಂದೆ ಪೊರಕೆ ಇದೆ, ತಗೊಂಡು ಬಾ" ಎಂದಳು. ಅವನು ಓಡಿದ, ಬಾಗಿಲ ಮುಂದೆ ನಿಂತು ಮೇಲೆ ಕೆಳಗೆ ನೋಡಿದ, ಮತ್ತೆ ಅವಳತ್ತ ತಿರುಗಿ ನಿಂತ. ಅವಳು ಕೈ ಎತ್ತಿ ಬಾಗಿಲ ಸಂದಿಯ ಕಡೆ ತೋರಿಸಿದೊಡನೆ ಪೊರಕೆ ಬಂತು. ಹಟ ಮಾಡುವ ಮಗು ಓಡಿ ಹೋಗಿ ಹುಡುಕುವುದಿಲ್ಲ ಎಂದು ಅವಳು ಅಂದು ರಾತ್ರಿ ಹೇಳಿದ ಮಾತೇ ನಮ್ಮನ್ನು ವಾಕ್ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ದದ್ದು. ಆಗ ಅವನಿಗೆ ನಾಲ್ಕು ವರ್ಷ ಎರಡು ತಿಂಗಳು. ಮಾತಾಡುವುದರಲ್ಲಿ ಹಿಂದೆ ಬಿದ್ದವನಲ್ಲ. ದೊಡ್ಡ ವಾಕ್ಯಗಳನ್ನೇ ಆಡುತ್ತಿದ್ದ, ಹಾಡುತ್ತಿದ್ದ, ಬಂದವರ ಹೆಸರು ಕೇಳುತ್ತಿದ್ದ. ಆದ್ದರಿಂದಲೇ ನಮಗೆ ಇಷ್ಟು ತಡವಾಗಿ ತಿಳಿಯಿತು.

ಮೈಸೂರಿನಲ್ಲಿರುವವರು ಕೇಳುವ ಮೊದಲ ಪ್ರಶ್ನೆಯನ್ನು ಊಹಿಸಬಲ್ಲೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇರುವಾಗ, ದೇಶದ ಎಲ್ಲೆಲ್ಲಿಂದಲೋ ಜನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಿರುವಾಗ, ಖಾಸಗಿ ಕೇಂದ್ರವೇಕೆ? ಕಾರಣ ಸರಳವಾದದ್ದು: ಮಗನೂ ಸೊಸೆಯೂ ಕೆಲಸಕ್ಕೆ ಹೋಗುವವರು, ಶನಿವಾರ ಸಂಜೆ ಸಮಯ ಕೊಡುವ ಜಾಗ ನಮಗೆ ಬೇಕಾಗಿತ್ತು, ಅದು ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಸಿಕ್ಕಿತು. ಇಲ್ಲಿನ ಚಿಕಿತ್ಸಕಿ ಓದಿದ್ದೂ ಊರಿನವರೆಲ್ಲ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದೇ ಕರೆಯುವ ಆ ಸಂಸ್ಥೆಯಲ್ಲಿ. ಭಾರತೀಯ ಪುನರ್ವಾಸ ಪರಿಷತ್ತಿನ ನೋಂದಣಿ ಪ್ರಮಾಣಪತ್ರ ಗೋಡೆಯ ಮೇಲಿತ್ತು. ಸಂಸತ್ತು 1992ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ರೂಪುಗೊಂಡ ಪರಿಷತ್ತು ಅದು. ಯಾವ ಕೇಂದ್ರಕ್ಕೆ ಹೋದರೂ ಆ ಕಾಗದವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕೆಳಗೆ ಹೊಗಳಿಕೆಯೂ ಇದೆ, ತಕರಾರೂ ಇದೆ. ನಮ್ಮ ಮಗುವಿನ ಗುರುತು ಬಯಲಾಗಬಾರದೆಂದು ಕೇಂದ್ರದ ಹೆಸರನ್ನು ಮಾತ್ರ ಬಿಟ್ಟಿದ್ದೇನೆ.

ಫೋನಿನಲ್ಲೇ ಅವರು ಹೇಳಿದ ಮೊದಲ ಮಾತು ನನಗೆ ಹಿಡಿಸಿತು. ಕಿವಿ ತಪಾಸಣೆಯ ವರದಿ ಇಲ್ಲದೆ ಮಗುವನ್ನು ನೋಡುವುದಿಲ್ಲ ಎಂದರು. ಕರೆದರೆ ತಿರುಗುತ್ತಾನಲ್ಲ, ಕಿವಿ ಸರಿಯಾಗೇ ಇದೆ ಎಂದು ನಾನು ವಾದಿಸಿದೆ. ನೆಗಡಿಯಾದ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಂತರೆ ಒಂದು ವಾರ ಚೆನ್ನಾಗಿ ಕೇಳಿಸಿ ಮುಂದಿನ ವಾರ ಮಂಕಾಗಿ ಕೇಳಿಸಬಹುದು, ಹೆಸರು ಹಿಡಿದು ಕರೆದಾಗ ತಿರುಗುವ ಮಗುವೂ ಉದ್ದದ ವಾಕ್ಯದ ಕೊನೆಯನ್ನು ಕಳೆದುಕೊಳ್ಳಬಹುದು ಎಂದು ಅವರು ತಾಳ್ಮೆಯಿಂದ ತಿಳಿಸಿದರು. ತಪಾಸಣೆಯಾಯಿತು. ಶಬ್ದ ಕೇಳಿಸಿದಾಗಲೆಲ್ಲ ಬುಟ್ಟಿಗೆ ಒಂದೊಂದು ಮರದ ತುಂಡು ಹಾಕುವ ಆಟವನ್ನು ಅವನು ಖುಷಿಯಿಂದಲೇ ಆಡಿದ. ಕಿವಿಯಲ್ಲಿ ದೋಷವಿರಲಿಲ್ಲ.

ಮೊದಲ ದಿನದ ಮೌಲ್ಯಮಾಪನ ಒಂದು ಗಂಟೆಗೂ ಮೀರಿ ನಡೆಯಿತು, ಮತ್ತು ಈ ಸೇವೆಗೆ ನಾವು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದಕ್ಕೆ ಕೊಟ್ಟ 1,500 ರೂಪಾಯಿ. ನೆಲಕ್ಕೆ ಚಾಪೆ ಹಾಸಿ ಚಿಕಿತ್ಸಕಿ ಮಗುವಿನ ಮುಂದೆ ಕೂತರು. ನಡುವೆ ಒಂದು ಸ್ಟೀಲ್ ಲೋಟ, ಒಂದು ಚಮಚ, ಒಂದು ಮರದ ಹಸು, ಒಂದು ಪುಟ್ಟ ಚೆಂಡು, ಅಷ್ಟೇ. ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಲೋಟದ ಕಡೆ ಕಣ್ಣೂ ಹಾಯಿಸದೆ, ಅವನ ಮುಖವನ್ನೇ ನೋಡುತ್ತಾ, "ಚಮಚಾನ ಲೋಟದ ಹಿಂದೆ ಇಡು ಪುಟ್ಟ" ಎಂದರು. ಅವನು ಚಮಚವನ್ನು ಲೋಟದೊಳಗೆ ಹಾಕಿದ. "ಲೋಟದ ಪಕ್ಕ ಇಡು" ಎಂದರು. ಮತ್ತೆ ಒಳಗೇ ಹಾಕಿದ. "ಒಳಗೆ ಇಡು" ಎಂದಾಗಲೂ ಒಳಗೇ ಹಾಕಿದ, ನಾನು ಹಿಂದಿನಿಂದ "ನೋಡಿ, ಅದು ಗೊತ್ತು" ಎಂದು ಸಂಭ್ರಮಪಟ್ಟೆ. ಅವರು ಉತ್ತರ ಕೊಡದೆ ಲೋಟವನ್ನು ಬೋರಲು ಹಾಕಿದರು. "ಈಗ ಚಮಚಾನ ಲೋಟದ ಕೆಳಗೆ ಇಡು." ಅವನು ಬೋರಲು ಲೋಟದ ತಲೆಯ ಮೇಲೆ ಚಮಚವನ್ನು ಜೋಪಾನವಾಗಿ ಇಟ್ಟು, ಬೀಳದಂತೆ ಒಂದು ಕ್ಷಣ ಹಿಡಿದು, ಕೈ ಬಿಟ್ಟು, ಶಹಬ್ಬಾಸ್‌ಗಿರಿಗಾಗಿ ಕಾದ.

ಟೊಳ್ಳಾದ ವಸ್ತು ಕಂಡರೆ ಒಳಗೆ ಹಾಕು, ಚಪ್ಪಟೆ ಮೈ ಕಂಡರೆ ಮೇಲೆ ಇಡು: ಚಿಕ್ಕ ಮಕ್ಕಳು ಪದ ಗೊತ್ತಿಲ್ಲದಾಗ ವಸ್ತುವಿನ ಆಕಾರವನ್ನೇ ನೋಡಿ ಹೀಗೆ ನಡೆದುಕೊಳ್ಳುತ್ತಾರೆಂಬುದನ್ನು ಈವ್ ಕ್ಲಾರ್ಕ್ ಎಂಬ ಭಾಷಾವಿಜ್ಞಾನಿ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರಂತೆ. ಎರಡು ವರ್ಷದ ಮಗು ಹೀಗೆ ಮಾಡಿದರೆ ಸಹಜ. ನಾಲ್ಕು ದಾಟಿದವನು ಪ್ರತಿಸಲವೂ ಮಾಡಿದರೆ ಗಮನಿಸಬೇಕು ಎಂದರು. ಅಂದರೆ ಅವನು ‘ಒಳಗೆ’ ಎಂಬುದಕ್ಕೆ ಸರಿಯಾಗಿ ಮಾಡಿದ್ದೂ ಪದ ತಿಳಿದು ಮಾಡಿದ್ದಲ್ಲ. ಪರೀಕ್ಷೆಯ ಕಾಗದಗಳನ್ನು ಅಷ್ಟು ವರ್ಷ ತಿದ್ದಿದವನಿಗೆ ಇದು ನಾಚಿಕೆಯ ಪಾಠವಾಯಿತು. ಉತ್ತರ ಸರಿಯಿದ್ದರೆ ಅಂಕ ಹಾಕಿ ಮುಂದೆ ಹೋಗುವವನು ನಾನು.

ಅದಾದ ಮೇಲೆ ಇನ್ನೊಂದು ಪರೀಕ್ಷೆ. "ಚೆಂಡು ನಂಗೆ ಕೊಟ್ಟು, ಹಸೂಗೆ ಮುತ್ತು ಕೊಡು" ಎಂದರು, ಎರಡನ್ನೂ ಮಾಡಿದ. ಮೂರು ಕೆಲಸ ಸೇರಿಸಿದರು, ಮೂರನ್ನೂ ಮಾಡಿದ. ಹಾಗಾದರೆ ಅವನ ತೊಡಕು ನೆನಪಿನದಲ್ಲ, ಗಮನದ್ದೂ ಅಲ್ಲ; ಜಾಗ ಹೇಳುವ ಪದ ಬಂದ ಕಡೆಯಲ್ಲೇ ಕಟ್ಟು ಕಳಚುತ್ತಿತ್ತು. ಶಾಲೆಯಲ್ಲಿ ಅವನು ಇಷ್ಟು ದಿನ ತೇಲಿದ್ದು ಹೇಗೆ ಎಂಬುದಕ್ಕೂ ಉತ್ತರ ಸಿಕ್ಕಿತು. ಪಕ್ಕದ ಮಗು ಏನು ಮಾಡುತ್ತದೆಂದು ನೋಡಿ ತಾನೂ ಮಾಡುತ್ತಿದ್ದ, ಮನೆಯಲ್ಲಿ ನಮ್ಮ ಕೈ ಮತ್ತು ಕಣ್ಣು ಹೋದ ಕಡೆ ಹೋಗುತ್ತಿದ್ದ. "ಅದನ್ನ ಅಲ್ಲಿಡು" ಎಂದು ಬೆರಳು ಚಾಚುವುದು ನಮ್ಮ ಮನೆಗಳಲ್ಲಿ ಎಷ್ಟು ಸಹಜವೆಂದರೆ, ಒಂದು ದಿನ ಕೈ ಕಟ್ಟಿಕೊಂಡು ಮಾತಾಡಿ ನೋಡಿದಾಗಲೇ ಬೆರಳಿಗೆ ನಾವು ಎಷ್ಟು ಕೆಲಸ ವಹಿಸಿದ್ದೇವೆಂಬುದು ಗೊತ್ತಾಗುವುದು.

ಎರಡು ದಿನಗಳ ನಂತರ ಮೂರು ಪುಟದ ವರದಿ ಬಂತು. ಕೇಂದ್ರದ ಮೇಲಿನ ನನ್ನ ಮೊದಲ ತಕರಾರು ಇದೇ: ಮೂರೂ ಪುಟ ಇಂಗ್ಲಿಷಿನಲ್ಲಿತ್ತು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವಳು ಅಜ್ಜಿ, ಮನೆಯಲ್ಲಿ ಅಭ್ಯಾಸ ಮಾಡಿಸಬೇಕಾದವಳೂ ಅವಳೇ, ಅವಳಿಗೆ ಓದಲು ಬಾರದ ಭಾಷೆಯಲ್ಲಿ ವರದಿ. ಕೇಳಿದಾಗ, ಶಾಲೆಗೂ ಬೇರೆ ವೈದ್ಯರಿಗೂ ತೋರಿಸಲು ಇಂಗ್ಲಿಷ್ ಬೇಕಾಗುತ್ತದೆ ಎಂದರು. ಒಪ್ಪಬಹುದಾದ ಕಾರಣವೇ. ಆದರೆ ಕನ್ನಡದಲ್ಲಿ ಪರೀಕ್ಷಿಸಿ, ಕನ್ನಡದ ಮಗುವಿನ ಬಗ್ಗೆ ಬರೆದ ವರದಿಗೆ ಅರ್ಧ ಪುಟದ ಕನ್ನಡ ಸಾರಾಂಶ ಸೇರಿಸುವುದು ದೊಡ್ಡ ಹೊರೆಯಲ್ಲ. ಸಾರಾಂಶವನ್ನು ನಾನೇ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿದೆ: ಮಾತಾಡುವುದು ವಯಸ್ಸಿಗೆ ತಕ್ಕಂತಿದೆ, ಕೇಳಿ ಅರ್ಥಮಾಡಿಕೊಳ್ಳುವುದು ಹಿಂದಿದೆ, ರೋಗದ ಹೆಸರು ಯಾವುದನ್ನೂ ಈಗಲೇ ಅಂಟಿಸುವಂತಿಲ್ಲ, ಆರು ತಿಂಗಳಿಗೆ ಮರುಪರೀಕ್ಷೆ.

ಚಿಕಿತ್ಸೆ ಶುರುವಾಗುವ ಮುಂಚೆ ಅವರು ಮಾಡಿದ ಒಂದು ಕೆಲಸವನ್ನು ಮಾತ್ರ ಬಾಯಿತುಂಬ ಹೊಗಳಬೇಕು. ನಮ್ಮ ಸೊಸೆ ಧಾರವಾಡದವಳು. ಅವಳ ಬಾಯಲ್ಲಿ ಚಪ್ಪಲಿ ಮಂಚದ ‘ಬುಡಕ’ ಇರುತ್ತದೆ, ನೀರಿನ ಬಾಟಲಿ ಟಿವಿಯ ‘ಬಾಜೂಕ’ ಇರುತ್ತದೆ, ಪುಸ್ತಕ ಕಪಾಟಿನ ‘ಮ್ಯಾಲ’ ಇರುತ್ತದೆ. ಅಜ್ಜಿಯ ಬಾಯಲ್ಲಿ ಅವೇ ಕೆಳಗೆ, ಪಕ್ಕ, ಮೇಲೆ. ಶಾಲೆಯಲ್ಲಿ ಅಂಡರ್, ನೆಕ್ಸ್ಟ್ ಟು, ಆನ್. ಚಿಕಿತ್ಸಕಿ ನಮ್ಮ ನಾಲ್ವರನ್ನೂ ಒಟ್ಟಿಗೆ ಕೂರಿಸಿ, ಒಂದು ಚೆಂಡನ್ನು ಕುರ್ಚಿಯ ಸುತ್ತ ಬೇರೆ ಬೇರೆ ಕಡೆ ಇಡುತ್ತಾ, ಪ್ರತಿಯೊಬ್ಬರೂ ಅದಕ್ಕೆ ಏನು ಹೇಳುತ್ತೇವೆಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಮಗ ‘ಪಕ್ಕ’ಕ್ಕೆ ‘ಸೈಡಲ್ಲಿ’ ಎನ್ನುತ್ತಾನೆಂಬುದು ನನಗೇ ಅಂದು ತಿಳಿದದ್ದು. ಶಾಲೆಯವರು, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತಾಡಿದರೆ ಹುಡುಗನ ಗೊಂದಲ ಹೋಗುತ್ತದೆ ಎಂದು ಸಲಹೆ ಕೊಟ್ಟಿದ್ದರು. ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಇಂಥ ತೊಡಕು ಹುಟ್ಟುವುದಿಲ್ಲ, ಮನೆಯವರು ತಮಗೆ ಚೆನ್ನಾಗಿ ಬರುವ ಮಾತನ್ನು ಬಿಡಬಾರದು, ಅಮ್ಮ ಬುಡಕ ಎನ್ನಲಿ, ಅಜ್ಜಿ ಕೆಳಗೆ ಎನ್ನಲಿ, ಆದರೆ ಯಾರೇ ಹೇಳಲಿ, ಹೇಳುವಾಗ ಕೆಲಸ ಕಣ್ಣೆದುರು ನಡೆಯುತ್ತಿರಲಿ ಎಂದರು. ಸೊಸೆ ಅಂದು ಮನೆಗೆ ಬರುವಾಗ ತುಂಬ ದಿನಗಳ ಮೇಲೆ ತನ್ನೂರಿನ ಮಾತನ್ನು ಗಟ್ಟಿಯಾಗಿ ಆಡಿದಳು.

ಹನ್ನೆರಡು ಶನಿವಾರ, ಒಂದೊಂದು ತರಗತಿಗೆ ನಲವತ್ತೈದು ನಿಮಿಷ. ಮೊದಲ ಮೂರು ವಾರ ಮೇಜಿನ ಮೇಲೆ ಯಾವ ಸಾಮಾನೂ ಇರಲಿಲ್ಲ, ಮಗುವೇ ಸಾಮಾನು. ಕುರ್ಚಿಯ ಮೇಲೆ ಬೆಡ್‌ಶೀಟು ಹಾಕಿ ಗುಹೆ ಮಾಡಿ, "ಕುರ್ಚಿ ಕೆಳಗೆ ನುಗ್ಗು", "ಪೆಟ್ಟಿಗೆ ಒಳಗೆ ಕೂತ್ಕೋ". ಆ ಮೂರು ವಾರ ಇವೆರಡೇ ಪದ. ಮೊದಲ ದಿನ ನನಗೆ ಇದೇನು ಹಣ ತೆಗೆದುಕೊಂಡು ಕಣ್ಣಾಮುಚ್ಚಾಲೆ ಆಡಿಸುತ್ತಿದ್ದಾರಲ್ಲ ಎನಿಸಿತ್ತು. ಮೈ ಒಳಗೆ ಹೊಕ್ಕಾಗ ಕತ್ತಲಾಗುತ್ತದೆ, ಕೆಳಗೆ ನುಗ್ಗಿದಾಗ ಬೆನ್ನು ಬಗ್ಗುತ್ತದೆ, ತಲೆ ತಾಗುತ್ತದೆ. ಪದದ ಜೊತೆಗೆ ಅನುಭವ ಅಂಟಿಕೊಳ್ಳುವುದು ಹಾಗೆ ಎಂದು ಅವರು ವಿವರಿಸಿದ ಮೇಲೆ ನಾನು ಸುಮ್ಮನಾದೆ. ನಾಲ್ಕನೆಯ ವಾರದಿಂದ ಲೋಟ, ಡಬ್ಬಿ, ಹಸು ಬಂದವು. ಚಿತ್ರಗಳು ಬಂದದ್ದು ಎಂಟನೆಯ ವಾರಕ್ಕೆ.

‘ಮುಂದೆ’ ಮತ್ತು ‘ಹಿಂದೆ’ ಎಲ್ಲಕ್ಕಿಂತ ಹೆಚ್ಚು ಕಾಡಿದವು, ಮತ್ತು ಚಿಕಿತ್ಸಕಿಯ ಕಸುಬು ಕಂಡದ್ದೂ ಅಲ್ಲೇ. ಹಸುವಿಗೆ ಮುಖವಿದೆ, ಬಾಲವಿದೆ. ಅದನ್ನು ಹೇಗೆ ತಿರುಗಿಸಿಟ್ಟರೂ ಅದರ ಮುಂದು ಮುಂದೇ. ಲೋಟಕ್ಕೆ ಮುಖವಿಲ್ಲ. ಲೋಟದ ಹಿಂದೆ ಎಂದರೆ ಅದು ನೋಡುವವನಿಂದ ಆಚೆ ಬದಿ. ಎದುರು ಕೂತ ಚಿಕಿತ್ಸಕಿಯ ಪಾಲಿಗೆ ಆಚೆಯಾದದ್ದು ಮಗುವಿಗೆ ಈಚೆ. ಐದನೆಯ ವಾರ ಅವರು ಎದುರಿನಿಂದ ಎದ್ದು ಬಂದು ಅವನ ಪಕ್ಕಕ್ಕೆ, ಅವನು ನೋಡುವ ದಿಕ್ಕಿಗೇ ಮುಖ ಮಾಡಿ ಕೂತರು. ಅಷ್ಟು ಸಣ್ಣ ಬದಲಾವಣೆಗೆ ಎಷ್ಟೋ ತಪ್ಪುಗಳು ಕಡಿಮೆಯಾದವು. ತರಗತಿಯಲ್ಲಿ ಮಕ್ಕಳಿಗೆ ಎದುರಾಗಿ ನಿಂತೇ ಹಿಂದೆ ಮುಂದೆ ಹೇಳುವ ನಮ್ಮಂಥ ಮೇಷ್ಟರುಗಳು ಇದನ್ನು ಎಂದೂ ಯೋಚಿಸಿದವರಲ್ಲ. ಮುಖವಿರುವ ವಸ್ತುಗಳನ್ನು ಹುಡುಕುವುದು ಆ ವಾರದ ಮನೆಗೆಲಸವಾಗಿತ್ತು. ಸಿಟಿ ಬಸ್ಸಿನಷ್ಟು ಒಳ್ಳೆಯ ಪಾಠದ ಸಾಮಾನು ಇನ್ನೊಂದಿಲ್ಲ: ಮುಂದಿನ ಬಾಗಿಲು, ಹಿಂದಿನ ಬಾಗಿಲು, ಡ್ರೈವರ್ ಹಿಂದಿನ ಸೀಟು, ಜೊತೆಗೆ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಸಂಬಳವಿಲ್ಲದೆ ಪಾಠ ಹೇಳುವ ಕಂಡಕ್ಟರ್.

ಈ ಕ್ರಮ ಅವರ ಸ್ವಂತ ಊಹೆಯಲ್ಲ ಎಂಬುದೂ ತಿಳಿಯಿತು. ಜುಡಿತ್ ಜಾನ್‌ಸ್ಟನ್ ಮತ್ತು ಡ್ಯಾನ್ ಸ್ಲೋಬಿನ್ ಎಂಬುವರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್, ಇಟಾಲಿಯನ್, ಸರ್ಬೋ-ಕ್ರೊಯೇಷಿಯನ್ ಮತ್ತು ಟರ್ಕಿಷ್ ಆಡುವ ಮಕ್ಕಳು ಇಂಥ ಪದಗಳನ್ನು ಹೆಚ್ಚುಕಡಿಮೆ ಒಂದೇ ಸರದಿಯಲ್ಲಿ ಕಲಿಯುವುದು ಕಂಡುಬಂದಿದೆ: ಮೊದಲು ಒಳಗೆ, ಮೇಲೆ, ಕೆಳಗೆ, ಪಕ್ಕ, ಆಮೇಲೆ ನಡುವೆ, ಮುಖವುಳ್ಳ ವಸ್ತುಗಳ ಹಿಂದೆ ಮುಂದೆ, ಕಟ್ಟಕಡೆಗೆ ಮುಖವಿಲ್ಲದ ವಸ್ತುಗಳ ಹಿಂದೆ ಮುಂದೆ. ನನಗೆ ಕುತೂಹಲ ಕೆರಳಿಸಿದ್ದು ಟರ್ಕಿಷ್. ಅದರಲ್ಲಿಯೂ ನಮ್ಮ ‘ಮನೆಯ ಹಿಂದೆ’ ಎಂಬಂತೆ ಜಾಗದ ಪದ ನಾಮಪದದ ನಂತರವೇ ಬರುತ್ತದೆ, ಇಂಗ್ಲಿಷಿನಂತೆ ಮುಂಚೆ ಅಲ್ಲ. ಟರ್ಕಿಷ್ ಮಕ್ಕಳು ಇಂಗ್ಲಿಷ್ ಮಕ್ಕಳಿಗಿಂತ ಬೇಗ ಕಲಿತದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ಆ ಸಂಶೋಧಕರು ಊಹಿಸಿದ್ದರು. ವ್ಯಾಕರಣದ ಮೇಷ್ಟರಿಗೆ ಇಂಥದ್ದು ಸಿಕ್ಕರೆ ಬಿಡುವುದುಂಟೆ? ಹಳೆಗನ್ನಡದ ಸಪ್ತಮೀ ಪ್ರತ್ಯಯ ‘ಒಳ್’. ನಮ್ಮ ‘ಒಳಗೆ’ ಅದರ ಒಡಹುಟ್ಟು. ಹೊಸಗನ್ನಡದ ಪ್ರತ್ಯಯ ‘ಅಲ್ಲಿ’. ಅದೇ ಪದವನ್ನು ಬಿಡಿಯಾಗಿ ಆಡಿದರೆ ಬೆರಳು ಚಾಚಿ ದೂರ ತೋರಿಸುವ ಪದ. ‘ಡಬ್ಬಿಯೊಳ್’ ಎಂದಾಗ ಒಳಗೆ ಹೊಗಬೇಕಾದ ಮಗು ‘ಡಬ್ಬಿಯಲ್ಲಿ’ ಎಂದಾಗ ಡಬ್ಬಿಯ ಹತ್ತಿರ ಹೋಗಿ ನಿಂತರೆ ತಪ್ಪು ಮಗುವಿನದೊಂದೇ ಎನ್ನಲಾಗದು ಎಂದು ನಾನು ಹೇಳಿದಾಗ ಚಿಕಿತ್ಸಕಿ ನಕ್ಕರು. ಆದರೆ ಆ ದಿನದಿಂದ ಅವರು ‘ಡಬ್ಬಿಯಲ್ಲಿ ಹಾಕು’ ಎನ್ನುವುದನ್ನು ಬಿಟ್ಟು ‘ಡಬ್ಬಿ ಒಳಗೆ ಹಾಕು’ ಎನ್ನತೊಡಗಿದ್ದನ್ನು ಗಮನಿಸಿದೆ.

ಚಿತ್ರದ ಕಾರ್ಡುಗಳ ವಿಷಯದಲ್ಲಿ ಮಾತ್ರ ಈ ಕೇಂದ್ರಕ್ಕೆ ಉತ್ತೀರ್ಣ ಅಂಕ ಕೊಡಲಾರೆ. ಎಂಟನೆಯ ವಾರ ಪೆಟ್ಟಿಗೆಯಿಂದ ಹೊರಬಂದವು ಇಂಗ್ಲಿಷ್ ಕಾರ್ಡುಗಳಿಗೆ ಕನ್ನಡದ ಪಟ್ಟಿ ಅಂಟಿಸಿದಂಥವು. ಒಂದು ಕಾರ್ಡಿನಲ್ಲಿ ಬೆಕ್ಕು ಪೆಟ್ಟಿಗೆಯ ಮೇಲೆ ಕೂತಿದೆ, ಕೆಳಗೆ ‘ಮೇಲೆ’ ಎಂದು ಬರೆದಿದೆ. ಇನ್ನೊಂದರಲ್ಲಿ ಬೆಕ್ಕು ಪೆಟ್ಟಿಗೆಯನ್ನು ಜಿಗಿದು ದಾಟುತ್ತಾ ಗಾಳಿಯಲ್ಲಿದೆ, ಅಲ್ಲಿಯೂ ‘ಮೇಲೆ’. ಇಂಗ್ಲಿಷಿನಲ್ಲಿ ಅವು ಆನ್, ಓವರ್ ಎಂಬ ಎರಡು ಪದ; ಕನ್ನಡದ ‘ಮೇಲೆ’ ಎರಡನ್ನೂ ಹೊತ್ತುಕೊಳ್ಳುತ್ತದೆ, ಮೇಜಿನ ಮೇಲೆ ಪುಸ್ತಕವೂ ಹೌದು, ಮನೆಯ ಮೇಲೆ ಹಾರಿದ ವಿಮಾನವೂ ಹೌದು. ಎರಡು ಕಾರ್ಡನ್ನೂ ಮುಂದಿಟ್ಟು "ಮೇಲೆ ಇರೋ ಬೆಕ್ಕು ತೋರ್ಸು" ಎಂದರೆ ಮಗು ಯಾವುದನ್ನು ತೋರಿಸಬೇಕು? ಅವನು ಗಾಳಿಯಲ್ಲಿದ್ದ ಬೆಕ್ಕನ್ನು ತೋರಿಸಿದ, ಅಂದು ಕಾರ್ಡು ನಡೆಸುತ್ತಿದ್ದ ಸಹಾಯಕಿ ಹಾಳೆಯಲ್ಲಿ ತಪ್ಪು ಎಂದು ಗುರುತು ಹಾಕಿದರು. ನಾನು ಆಕ್ಷೇಪಿಸಿದೆ. ಮತ್ತೊಂದು ಕಾರ್ಡಿನಲ್ಲಿ ಬೆಕ್ಕು ಚಿಮಣಿಯ ಪಕ್ಕದಲ್ಲಿತ್ತು. ಚಿಮಣಿ ಎಂದರೆ ಅಡುಗೆಮನೆಯಲ್ಲಿ ಒಲೆಯ ಮೇಲೆ ಸದ್ದು ಮಾಡುವ ಯಂತ್ರವೆಂದು ತಿಳಿದ ಮಗುವಿಗೆ ಆ ಚಿತ್ರದಲ್ಲಿ ಬೆಕ್ಕಿನ ಪಕ್ಕ ಏನೂ ಕಾಣಲಿಲ್ಲ. ಚಿಕಿತ್ಸಕಿ ಮುಂದಿನ ವಾರ ಆ ಕಾರ್ಡುಗಳನ್ನು ಬದಿಗಿಟ್ಟು ನಮ್ಮ ಮನೆಯದೇ ಫೋಟೋಗಳನ್ನು ತರಲು ಹೇಳಿದರು. ತುಳಸಿಕಟ್ಟೆಯ ಹಿಂದೆ ಅಡಗಿದ ಅಜ್ಜಿ, ಸ್ಕೂಟರಿನ ಕೆಳಗೆ ಮಲಗಿದ ಬೀದಿನಾಯಿ, ಅಕ್ಕಿ ಡಬ್ಬದ ಮೇಲೆ ಕೂತ ತಾನು. ಮೂರು ತಿಂಗಳಲ್ಲಿ ಅತ್ಯುತ್ತಮವಾಗಿ ಕೆಲಸ ಮಾಡಿದ ಕಾರ್ಡುಗಳು ಅವೇ, ಖರ್ಚು ಪ್ರಿಂಟಿಗೆ ಕೊಟ್ಟ ಎಂಬತ್ತು ರೂಪಾಯಿ.

‘ಮೇಲೆ’ ಪದದ ಕಥೆ ಅಲ್ಲಿಗೂ ಮುಗಿಯಲಿಲ್ಲ. "ಹಾಲು ಕುಡಿದ ಮೇಲೆ ಲೋಟ ಸಿಂಕ್ ಒಳಗಿಡು" ಎಂದು ಮನೆಯಲ್ಲಿ ಅಜ್ಜಿ ದಿನಾ ಹೇಳುವ ಮಾತು. ಇಲ್ಲಿ ಮೇಲೆ ಎಂದರೆ ನಂತರ. ‘ಹಿಂದೆ’ ಎಂದರೆ ಬೆನ್ನ ಕಡೆಯೂ ಹೌದು, ಕಳೆದ ಕಾಲವೂ ಹೌದು; ‘ಮುಂದಿನ’ ಸೀಟೂ ಇದೆ, ‘ಮುಂದಿನ’ ವಾರವೂ ಇದೆ. ಜಾಗದ ಪದವೇ ಗಟ್ಟಿಯಾಗದ ಮಗುವಿಗೆ ಒಂದೇ ವಾಕ್ಯದಲ್ಲಿ ಕಾಲದ ಮೇಲೆಯೂ ಜಾಗದ ಒಳಗೆಯೂ ಬಂದು ಕೂತರೆ ಗತಿಯೇನು? ಚಿಕಿತ್ಸಕಿ ಮೊದಲು ಸೂಚಿಸಿದ ಪರಿಹಾರ ಎರಡು ವಾಕ್ಯ ಮಾಡುವುದು: ಮೊದಲು ಹಾಲು ಕುಡಿ, ಆಮೇಲೆ ಲೋಟ ಇಡು. ಆಮೇಲೆಯಲ್ಲೂ ಮೇಲೆ ಇದೆಯಲ್ಲ ಎಂದು ನಾನು ಬೆರಳಿಟ್ಟು ತೋರಿಸಿದಾಗ ಅವರು ಪೆನ್ನು ಕೆಳಗಿಟ್ಟು ಒಂದು ನಿಮಿಷ ಯೋಚಿಸಿದರು. ಕೊನೆಗೆ ನಾವು ಇಬ್ಬರೂ ಒಪ್ಪಿದ್ದು ಕನ್ನಡದ ಹಳೆಯ ದಾರಿಯನ್ನೇ: "ಹಾಲು ಕುಡಿದು, ಲೋಟಾನ ಸಿಂಕ್ ಒಳಗಿಡು." ‘ಕುಡಿದು’ ಎಂಬ ಕೃದಂತಾವ್ಯಯ ಕೆಲಸಗಳನ್ನು ನಡೆಯುವ ಸರದಿಯಲ್ಲೇ ಪೋಣಿಸುತ್ತದೆ, ಕಾಲಕ್ಕೆ ಬೇರೆ ಪದವನ್ನೇ ಬೇಡುವುದಿಲ್ಲ. ಮೊದಲ ದಿನದ ಪರೀಕ್ಷೆಯಲ್ಲಿ "ಚೆಂಡು ಕೊಟ್ಟು, ಮುತ್ತು ಕೊಡು" ಎಂಬುದು ಅವನಿಗೆ ಸಲೀಸಾಗಿದ್ದು ಯಾಕೆಂದು ಆಗ ಹೊಳೆಯಿತು.

ಇನ್ನು ವ್ಯವಹಾರದ ಮಾತು. ತರಗತಿಗೆ 600ರಂತೆ ಹನ್ನೆರಡಕ್ಕೆ 7,200 ರೂಪಾಯಿಯನ್ನು ಮುಂಗಡವಾಗಿಯೇ ಕಟ್ಟಿಸಿಕೊಂಡರು. ಮಗುವಿಗೆ ಜ್ವರ ಬಂದು ತಪ್ಪಿದ ಒಂದು ಶನಿವಾರಕ್ಕೆ ಬದಲಿ ತರಗತಿಯೂ ಇಲ್ಲ, ಹಣವೂ ಇಲ್ಲ. ಇಪ್ಪತ್ತನಾಲ್ಕು ಗಂಟೆ ಮುಂಚೆ ತಿಳಿಸಬೇಕಿತ್ತಂತೆ, ಜ್ವರ ಮುಂಚೆ ತಿಳಿಸಿ ಬರುವಂತೆ. ತರಗತಿಗಳು ಬಹುಪಾಲು ಹತ್ತು ನಿಮಿಷ ತಡವಾಗಿ ಶುರುವಾಗಿ ಸರಿಯಾದ ಸಮಯಕ್ಕೆ ಮುಗಿಯುತ್ತಿದ್ದವು. ಮುಂಬಾಗಿಲಲ್ಲಿ ಕೂತವರು ಒಂದು ದಿನ ಎಲ್ಲರ ಎದುರು "ಸ್ಪೆಷಲ್ ಚೈಲ್ಡ್ ಬ್ಯಾಚ್ ಒಳಗೆ ಬನ್ನಿ" ಎಂದು ಕೂಗಿದರು. ಮಗು ಒಳಗೆ ಎಂಬ ಪದ ಕೇಳಿ ಸಂತೋಷದಿಂದ ಓಡಿದ, ಸೊಸೆ ಕಣ್ಣೊರೆಸಿಕೊಂಡಳು. ಚಿಕಿತ್ಸಕಿಯ ಬಳಿ ಹೇಳಿಕೊಂಡ ಮೇಲೆ ಆ ಕೂಗು ನಿಂತಿತು. ಮನೆಯವರನ್ನು ತರಗತಿಯೊಳಗೆ ಕೂರಲು ಬಿಡುತ್ತಾರೆಂಬುದನ್ನು ಮಾತ್ರ ಈ ಎಲ್ಲ ತಕರಾರುಗಳ ಎದುರು ಇಡಬೇಕು. ವಾರಕ್ಕೆ ಮುಕ್ಕಾಲು ಗಂಟೆಯಲ್ಲಿ ಯಾವ ಮಗುವೂ ಭಾಷೆ ಕಲಿಯುವುದಿಲ್ಲ. ಉಳಿದ ಆರೂವರೆ ದಿನ ಏನು ಮಾಡಬೇಕೆಂದು ನಾವು ನೋಡಿ ಕಲಿತೆವು. ಬಾಗಿಲು ಹಾಕಿಕೊಂಡು ಚಿಕಿತ್ಸೆ ಕೊಡುವ ಕಡೆಗೆ ನಾನಾದರೆ ಮಗುವನ್ನು ಕಳಿಸಲಾರೆ.

ಎಡ ಬಲವನ್ನೂ ಕಲಿಸಿಬಿಡಿ ಎಂದು ಶಾಲೆಯವರು ಹೇಳಿಕಳಿಸಿದ್ದಕ್ಕೆ ಚಿಕಿತ್ಸಕಿ ಒಪ್ಪಲಿಲ್ಲ. ನಾಲ್ಕರ ಮಗು ಎಡ ಬಲ ತಪ್ಪಿದರೆ ಅದು ತೊಡಕಿನ ಲೆಕ್ಕಕ್ಕೇ ಬರುವುದಿಲ್ಲ, ಆರು ಏಳಾಗಲಿ ಎಂದರು. ಕೇಳಿದ್ದನ್ನೆಲ್ಲ ಕಲಿಸುತ್ತೇನೆಂದು ತರಗತಿಗಳನ್ನು ಬೆಳೆಸದ ಅವರ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು.

ಹನ್ನೆರಡನೆಯ ಶನಿವಾರದ ಹೊತ್ತಿಗೆ ಒಳಗೆ, ಕೆಳಗೆ, ಮೇಲೆ, ಪಕ್ಕ ಇವನ್ನು ಬೆರಳಿನ ಸಹಾಯವಿಲ್ಲದೆ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಮಾಡುತ್ತಿದ್ದ. ಹಸುವಿನ ಹಿಂದೆ ಮುಂದೆ ಬಂದಿತ್ತು, ಲೋಟದ ಹಿಂದೆ ಇನ್ನೂ ಬಂದಿರಲಿಲ್ಲ. ‘ನಡುವೆ’ ಒಂದು ದಿನ ಬರುತ್ತಿತ್ತು, ಮರುದಿನ ಹೋಗುತ್ತಿತ್ತು. ಶಾಲೆಯಲ್ಲಿ ಸಾಲಿನಲ್ಲಿ ನಿಲ್ಲುತ್ತಾನೆ. ಗದ್ದಲವಿದ್ದಾಗ ಈಗಲೂ ಪಕ್ಕದವನನ್ನು ನೋಡಿಯೇ ಮಾಡುತ್ತಾನೆಂದು ಅವನ ಟೀಚರ್ ಹೇಳಿದರು. ಮರುಪರೀಕ್ಷೆ ಜನವರಿಯಲ್ಲಿದೆ. ಕಾರ್ಡು, ವರದಿ, ಮುಂಗಡ ಇವುಗಳಿಗಾಗಿ ಐದರಲ್ಲಿ ಒಂದು ಅಂಕ ಕಳೆಯುತ್ತೇನೆ, ಉಳಿದ ನಾಲ್ಕೂ ಆ ಚಾಪೆಯ ಮೇಲೆ ಕೈ ಕಟ್ಟಿ ಕೂತ ಹೆಣ್ಣುಮಗಳಿಗೆ.

ಅಷ್ಟರಲ್ಲಿ ನವರಾತ್ರಿ ಬಂತು, ಮನೆಯಲ್ಲಿ ಗೊಂಬೆ ಕೂರಿಸುವ ದಿನ. ಐದು ಮೆಟ್ಟಿಲಿಗೆ ಬಿಳಿ ಪಂಚೆ ಹಾಸಿ, ಅಜ್ಜಿ ಕೆಳಗೆ ಕೂತು ಬಾಯಲ್ಲೇ ಹೇಳುತ್ತಾ ಹೋದಳು, ಅವನು ಸ್ಟೂಲು ಹತ್ತಿ ಇಳಿದು ಇಡುತ್ತಾ ಹೋದ. ಶೆಟ್ಟಿ ಗೊಂಬೆ ಕೆಳಗಿನ ಮೆಟ್ಟಿಲ ಮೇಲೆ, ಅಕ್ಕಿ ಬೇಳೆ ಶೆಟ್ಟಿಯ ಮುಂದೆ, ಕುದುರೆ ಆನೆಯ ಹಿಂದೆ. ಕಡೆಯದಾಗಿ, ಮೇಲಿನ ಮೆಟ್ಟಿಲಲ್ಲಿ ಆಗಲೇ ಕೂತಿದ್ದ ಪಟ್ಟದ ಗೊಂಬೆಗಳ ಕಡೆ ನೋಡದೆ, "ಈ ಚಿಕ್ಕ ಆನೇನ ರಾಜ ರಾಣಿ ನಡುವೆ ಇಡು" ಎಂದಳು. ಅವನು ಆನೆಯನ್ನು ರಾಣಿಯ ಪಕ್ಕ, ಆಚೆ ಬದಿಗೆ ಇಟ್ಟ. ತೋರಿಸಲೆಂದು ಎದ್ದ ಕೈಯನ್ನು ಅವಳು ಸೆರಗಿನೊಳಗೆ ಸಿಕ್ಕಿಸಿಕೊಂಡು ಸುಮ್ಮನೆ ಕೂತಳು. ಅವನು ಸ್ಟೂಲಿನ ಮೇಲೆ ನಿಂತು ತುಟಿ ಅಲ್ಲಾಡಿಸುತ್ತಾ ಏನನ್ನೋ ಎಣಿಸಿದ. ಆನೆಯನ್ನು ಮುಟ್ಟಲಿಲ್ಲ. ರಾಜನನ್ನು ಎರಡೂ ಕೈಯಲ್ಲಿ ಎತ್ತಿ, ರಾಣಿಯನ್ನು ದಾಟಿಸಿ, ಆನೆಯ ಆ ಕಡೆಗೆ ತಂದು ಕೂರಿಸಿದ. ಪಟ್ಟದ ಜೋಡಿಯಲ್ಲಿ ರಾಜ ರಾಣಿಯ ಜಾಗ ಅದಲುಬದಲಾಯಿತು. ಹಬ್ಬ ಮುಗಿಯುವವರೆಗೂ ನಾವು ಅದನ್ನು ಹಾಗೆಯೇ ಬಿಟ್ಟೆವು.